ನ್ಯಾಟ್‌ನ ಅರ್ಧ ಇಳಿದ ಚಕ್ರ: ಯುದ್ಧವಿಮಾನಗಳ ಸೀಮಿತ ಮುದ್ರಣ ಚಿತ್ರಗಳ ಬಗ್ಗೆ ಟಿಪ್ಪಣಿ

ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಮನೆಗೆ ಚಿಕ್ಕಪ್ಪ ಒಂದು ಚಿತ್ರ ತಂದುಕೊಟ್ಟಿದ್ದರು. ನಮ್ಮ ವಾಯುಪಡೆಯ ಪುಟಾಣಿ ಯುದ್ಧವಿಮಾನ ನ್ಯಾಟ್, ಪಾಕಿಸ್ತಾನದ ಸೇಬರ್ ಯುದ್ಧವಿಮಾನದ ಬೆನ್ನು ಹತ್ತಿ ಓರೆಯಾಗಿ ತಿರುಗುತ್ತಿದೆ. ಅದರ ಹೊಟ್ಟೆಯಡಿ ಚಕ್ರಗಳು ಅರ್ಧ ಇಳಿದಿವೆ. "ಕಾದಾಟದ ನಡುವೆ ಯಾರಾದ್ರೂ ಚಕ್ರ ಇಳಿಸ್ತಾರಾ ಚಿಕ್ಕಪ್ಪ? ಬಿಡಿಸಿದವರು ತಪ್ಪು ಮಾಡಿದಾರೆ" ಅಂದೆ. ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದ ಅವರು ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. "ತಪ್ಪಲ್ಲ ಮಾರಾಯ. ನ್ಯಾಟ್‌ಗೆ ಚಕ್ರದ ಬಾಗಿಲೇ ಏರ್‌ಬ್ರೇಕು. ಗಾಳಿಯಲ್ಲಿ ವೇಗ ತಗ್ಗಿಸ್ಬೇಕು ಅಂದ್ರೆ ಹೀಗೆ ಅರ್ಧ ಇಳಿಸೋದೇ. ಇದನ್ನ ಬಿಡಿಸಿದವನಿಗೆ ವಿಮಾನ ಗೊತ್ತು."

ಈ ಚಿತ್ರಗಳನ್ನು ನೋಡುವುದಲ್ಲ, ಓದಬೇಕು ಅಂತ ನನಗೆ ತಿಳಿದದ್ದು ಆವತ್ತು. ನಮ್ಮ ಭಾನುವಾರದ ಗುಂಪಿನಲ್ಲಿ ಈ ಚಿತ್ರಗಳನ್ನು ಕೂಡಿಡಲು ಹೊರಟಿರುವ ಗೆಳೆಯರಿಗಾಗಿ, ಈವರೆಗೆ ಕಲಿತದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ಅಳತೆ. ನಮ್ಮ ಸೋಗಾನೆ ವಿಮಾನ ನಿಲ್ದಾಣದಲ್ಲಿ ಇಳಿಯುವ ಎಟಿಆರ್ 72 ವಿಮಾನವನ್ನು ನೀವೆಲ್ಲ ನೋಡಿದ್ದೀರಿ. ಅದರ ರೆಕ್ಕೆ ತುದಿಯಿಂದ ತುದಿಗೆ ಸುಮಾರು 27 ಮೀಟರ್. ಸೇಬರ್‌ನದು ಸುಮಾರು 11 ಮೀಟರ್. ನ್ಯಾಟ್‌ನದು 7 ಮೀಟರ್ ಕೂಡ ಇಲ್ಲ. ಹಾಗಾಗಿ ಒಂದೇ ದೂರದಲ್ಲಿ ಹಾರುತ್ತಿರುವ ನ್ಯಾಟ್ ಮತ್ತು ಸೇಬರ್ ಒಂದೇ ಗಾತ್ರದಲ್ಲಿ ಕಂಡರೆ ಆ ಚಿತ್ರವನ್ನು ಅಲ್ಲೇ ಬಿಟ್ಟುಬಿಡಿ. ನ್ಯಾಟ್‌ನ ಕಥೆಯೆಲ್ಲ ಅದರ ಸಣ್ಣತನದಲ್ಲಿದೆ: ಎದುರಾಳಿಯ ಕಣ್ಣಿಗೆ ಬೀಳುವುದೇ ಕಷ್ಟ. 1971ರ ನವೆಂಬರ್ 22ರಂದು ಆಗಿನ ಪೂರ್ವ ಪಾಕಿಸ್ತಾನದ ಗಡಿಯ ಬೊಯ್ರಾದ ಮೇಲೆ ಸೇಬರ್‌ಗಳನ್ನು ಎದುರಿಸಿದ ನಾಲ್ಕು ನ್ಯಾಟ್‌ಗಳಲ್ಲಿ ಒಂದನ್ನು ಹಾರಿಸಿದವರು ಎಂ.ಎ. ಗಣಪತಿ, ಕೊಡವರು. ಆ ಕಾದಾಟದ ಚಿತ್ರಗಳನ್ನು ನೋಡುವಾಗ ನಾನು ಮೊದಲು ಹುಡುಕುವುದು ಈ ಅಳತೆಯನ್ನೇ.

ಅಳತೆ, ಕೋನ, ನೆರಳು ಸರಿ ಬರಬೇಕು ಅಂತ ಹಟ ಹಿಡಿದ ಕಲಾವಿದರ ಪರಂಪರೆಯೇ ಇದೆ. ಬ್ರಿಟನ್ನಿನ ಫ್ರಾಂಕ್ ವೂಟನ್ ಎರಡನೇ ಮಹಾಯುದ್ಧದಲ್ಲಿ ಅಧಿಕೃತ ಯುದ್ಧ ಚಿತ್ರಕಾರರಾಗಿ 1944ರಲ್ಲಿ ನಾರ್ಮಂಡಿಗೆ ಹೋಗಿ ಅಲ್ಲೇ ಕೂತು ಬಿಡಿಸಿದರು. ಅಮೆರಿಕದ ಕೀತ್ ಫೆರಿಸ್ ರೇಖಾಗಣಿತದ ಲೆಕ್ಕ ಹಾಕಿಯೇ ವಿಮಾನದ ಓರೆಯನ್ನು ಕಾಗದಕ್ಕೆ ಇಳಿಸಿದವರು. ರಾಬರ್ಟ್ ಟೇಲರ್ ಅವರ ಚಿತ್ರಗಳ ಮುದ್ರಣಗಳಲ್ಲಿ ಕಲಾವಿದರ ಸಹಿಯ ಪಕ್ಕದಲ್ಲೇ ಯುದ್ಧದಲ್ಲಿ ಹಾರಿದ ಪೈಲಟ್‌ಗಳ ಸಹಿಯೂ ಇರುತ್ತದೆ. ನಮ್ಮ ವಾಯುಪಡೆಯ ಕಾದಾಟಗಳನ್ನು ಬಿಡಿಸಿದವರಲ್ಲಿ ಗ್ರೂಪ್ ಕ್ಯಾಪ್ಟನ್ ದೇಬ್ ಗೊಹಾಯಿಂ ಅವರ ಹೆಸರನ್ನು ನೆನಪಿಟ್ಟುಕೊಳ್ಳಿ.

ಫೋಟೊ ಇರುವಾಗ ಚಿತ್ರ ಯಾಕೆ ಅಂತ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಅದಕ್ಕೆ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಕಥೆಗಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ನಮ್ಮ ವಾಯುಪಡೆಯ ಒಂದನೇ ಸ್ಕ್ವಾಡ್ರನ್‌ನ ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರು ಆವತ್ತು ಯಾರಾದರೂ ತಪ್ಪಿದರೆ ಹೋಗಲೆಂದು ಇಟ್ಟುಕೊಂಡಿದ್ದ ಪೈಲಟ್. ಬೇರೊಂದು ವಿಮಾನ ಹಿಂದುಳಿದಾಗ ಆ ಜಾಗಕ್ಕೆ ಇವರು ಹೋದರು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಎದುರಾಯಿತು. ಇವರದು ಅದರ ಮುಂದೆ ತೀರಾ ನಿಧಾನದ ವಿಮಾನ. ಆದರೂ ಅದನ್ನು ಹೊಡೆದುರುಳಿಸಿದರು. ಇವರೂ ಮರಳಿ ಬರಲಿಲ್ಲ. ನಮ್ಮ ಕಡೆಯವರು ಯಾರೂ ಆ ಕಾದಾಟವನ್ನು ಕಣ್ಣಾರೆ ಕಾಣಲಿಲ್ಲ. ಪಾಕಿಸ್ತಾನದ ಕಡೆಯ ವಿವರ ಹೊರಬಂದ ಮೇಲಷ್ಟೇ ನಡೆದದ್ದು ಇಲ್ಲಿಗೆ ತಿಳಿದು, 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು.

ಯಾವ ಕ್ಯಾಮೆರಾವೂ ಇಲ್ಲದ ಆ ಹೊತ್ತನ್ನು ನಮ್ಮ ಕಣ್ಣ ಮುಂದೆ ನಿಲ್ಲಿಸಬೇಕಾದವನು ಚಿತ್ರಕಾರ. ಅವನ ಹೊಣೆ ಎಷ್ಟು ದೊಡ್ಡದು ನೋಡಿ. ಹೊತ್ತು ಬೆಳಗಿನದು, ನೆಲ ಪಂಜಾಬಿನ ಬಯಲು, ಹಾರಾಟ ನೆಲಕ್ಕೆ ಹತ್ತಿರ. ಈ ಕಥೆ ಹೇಳುವ ಚಿತ್ರದಲ್ಲಿ ನಡುಹಗಲಿನ ಬಿಸಿಲೋ ಹಿಂದೆ ಹಿಮದ ಬೆಟ್ಟವೋ ಕಂಡರೆ, ಬಿಡಿಸಿದವರು ಓದಿಕೊಂಡಿಲ್ಲ ಎಂದರ್ಥ. ನಮ್ಮದೇ ಗುಡ್ಡಗಾಡಿನ ಮನುಷ್ಯನ ಕೊನೆಯ ಗಳಿಗೆ ಅದು. ಅಷ್ಟು ಸಲೀಸಾಗಿ ಅದನ್ನು ಬಿಡಿಸಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಮುದ್ರಣದ ವಿಷಯ. ಸಾಗರದ ಕಡೆ ದೀವರ ಮನೆಗಳ ಹಸೆ ಚಿತ್ತಾರ ಆ ಗೋಡೆಗೆ ಮಾತ್ರ ಸೇರಿದ್ದು. ಮುದ್ರಿತ ಚಿತ್ರ ಹಾಗಲ್ಲ, ಒಂದು ಮೂಲಚಿತ್ರದಿಂದ ಇಷ್ಟೇ ಪ್ರತಿ ಅಂತ ಮೊದಲೇ ಗೊತ್ತುಮಾಡಿ ಅಚ್ಚು ಹಾಕುತ್ತಾರೆ. ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ 231/850 ಅಂತಿದ್ದರೆ, 850 ಪ್ರತಿಗಳಲ್ಲಿ ಇದು 231ನೆಯದು. ಸಂಖ್ಯೆ ಸಣ್ಣದಿದ್ದಷ್ಟೂ ಚಿತ್ರ ಮೇಲು ಅನ್ನುವ ಮಾತು ತಾಮ್ರದ ತಗಡಿನಲ್ಲಿ ಕೊರೆದು ತೆಗೆಯುತ್ತಿದ್ದ ಅಚ್ಚುಗಳಿಂದ ಬಂದದ್ದು. ಅಲ್ಲಿ ಪ್ರತಿ ತೆಗೆದಂತೆಲ್ಲ ಗೆರೆ ಸವೆಯುತ್ತಿತ್ತು. ಈಗಿನ ಆಫ್‌ಸೆಟ್ ಯಂತ್ರಮುದ್ರಣದಲ್ಲಿ 12ನೆಯದಕ್ಕೂ 840ನೆಯದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಸಣ್ಣ ಸಂಖ್ಯೆಗೆ ಹೆಚ್ಚು ದುಡ್ಡು ಕೊಡಬೇಡಿ.

ಕೇಳಬೇಕಾದ ಪ್ರಶ್ನೆ ಬೇರೆ: ಒಟ್ಟು ಎಷ್ಟು? 850ರ ಜೊತೆಗೆ ಕಲಾವಿದರ ಪಾಲಿನ ಪ್ರತಿಗಳು, ಪ್ರಕಾಶಕರ ಪಾಲಿನವು, ಅದೇ ಚಿತ್ರದ ಕ್ಯಾನ್ವಾಸ್ ಪ್ರತಿಗಳು, ಸಣ್ಣ ಅಳತೆಯವು ಎಲ್ಲ ಸೇರಿದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ಚಿತ್ರದ ಜೊತೆ ಬರುವ ಪ್ರಮಾಣಪತ್ರದಲ್ಲಿ ಇದೆಲ್ಲ ಇರಬೇಕು. ಕೆಲವು ಪ್ರತಿಗಳ ಅಂಚಿನಲ್ಲಿ ಕಲಾವಿದರು ಕೈಯಾರೆ ಒಂದು ಪುಟ್ಟ ವಿಮಾನ ಬಿಡಿಸಿರುತ್ತಾರೆ. ಅದಕ್ಕೆ ರಿಮಾರ್ಕ್ ಅನ್ನುತ್ತಾರೆ, ಬೆಲೆ ಏರುವುದು ನ್ಯಾಯ.

ಸಹಿಯನ್ನು ನೋಡುವ ಬಗೆ ಹೀಗೆ. ಗಾಂಧಿಬಜಾರಿನಲ್ಲಿ ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಹತ್ತು ಪಟ್ಟಿನ ಲೆನ್ಸ್ ಒಂದು ಇಟ್ಟುಕೊಳ್ಳಿ. ಚಿತ್ರದ ಆಕಾಶದ ಮೇಲೆ ಹಿಡಿದರೆ ಆಫ್‌ಸೆಟ್‌ನ ಚುಕ್ಕೆಗಳು ಸಣ್ಣ ಹೂವಿನ ಹಾಗೆ ಸುತ್ತಲೂ ಕೂತಿರುವುದು ಕಾಣುತ್ತದೆ: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಶಾಯಿ ಸಿಂಪಡಿಸಿ ಮಾಡುವ ಜಿಕ್ಲೇಯಲ್ಲಿ ಈ ಹೂವಿಲ್ಲ, ಹುಡಿ ಉದುರಿದ ಹಾಗೆ ಇರುತ್ತದೆ. ಈಗ ಲೆನ್ಸನ್ನು ಸಹಿಯ ಮೇಲೆ ತನ್ನಿ. ಅಲ್ಲೂ ಚುಕ್ಕೆಗಳು ಕಂಡರೆ ಸಹಿಯೂ ಅಚ್ಚಾದದ್ದೇ. ನಿಜವಾದ ಪೆನ್ಸಿಲ್ ಗೆರೆ ಕಾಗದವನ್ನು ಚೂರು ಒತ್ತಿರುತ್ತದೆ, ಕಿಟಕಿಯ ಬೆಳಕಿಗೆ ಓರೆ ಹಿಡಿದರೆ ಸೀಸ ಮಿನುಗುತ್ತದೆ. ಪೆನ್ನಿನ ಶಾಯಿ ಬೆಳಕಿಗೆ ಮಾಸಬಹುದು, ಪೆನ್ಸಿಲ್ ಮಾಸುವುದಿಲ್ಲ. ಅದಕ್ಕೇ ಪೆನ್ಸಿಲ್. ಪೈಲಟ್‌ನ ಸಹಿಯಾದರೆ, ಕಾದಾಟದಲ್ಲಿದ್ದ ಕೈಯೇ ಬರೆದ ಗೆರೆ ಅದು. ಆ ಕೈ ಇಲ್ಲವಾದ ಮೇಲೆ ಅಂಥ ಇನ್ನೊಂದು ಪ್ರತಿ ಹುಟ್ಟುವುದಿಲ್ಲ.

ಕಾಪಾಡುವುದೇ ಮಲೆನಾಡಿನಲ್ಲಿ ಕಷ್ಟದ ಕೆಲಸ. ನಾನು ಕೈಯಿಂದ ದುಡ್ಡು ಹಾಕಿ ಕೊಂಡ ಮೊದಲ ಚಿತ್ರವನ್ನು ಕಟ್ಟು ಹಾಕಿಸಲು ಕೊಟ್ಟಿದ್ದೆ. ಅಂಗಡಿಯವರು ಸುಕ್ಕು ಬರದಿರಲಿ ಅಂತ ಬೆನ್ನಿಗೆಲ್ಲ ಗೋಂದು ಬಳಿದು ಪ್ಲೈವುಡ್‌ಗೆ ಅಂಟಿಸಿಬಿಟ್ಟರು, ಗಾಜಿನ ಅಳತೆಗೆ ಸರಿಯಾಗಲಿ ಅಂತ ಬಿಳಿ ಅಂಚನ್ನೂ ಕತ್ತರಿಸಿದರು. ಸಂಖ್ಯೆ ಹೋಯಿತು, ಪೈಲಟ್‌ನ ಅರ್ಧ ಸಹಿ ಹೋಯಿತು. ಎರಡು ದಿನ ಊಟ ಸೇರಲಿಲ್ಲ. ಆದ್ದರಿಂದ ಕೊಡುವಾಗ ಚೀಟಿಯಲ್ಲಿ ಬರೆದೇ ಕೊಡಿ: ಅಂಚು ಕತ್ತರಿಸಬಾರದು, ಗೋಂದು ಬಳಿಯಬಾರದು. ಮೇಲಿನ ಅಂಚಿನಲ್ಲಿ ಎರಡು ಕಡೆ ತೆಳು ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಅಂಟಿನಿಂದ ಹಚ್ಚಿ ತೂಗುಬಿಟ್ಟರೆ ಸಾಕು. ಹಿಂದೆ ಮುಂದೆ ಆಮ್ಲರಹಿತ ರಟ್ಟು (ಮೌಂಟ್ ಬೋರ್ಡ್) ಇರಲಿ, ಗಾಜು ಚಿತ್ರಕ್ಕೆ ತಾಗದಿರಲಿ.

ಗಾಳಿಯ ತೇವ ನೂರಕ್ಕೆ 65 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಬರುವ ಭಯ. ಆಗುಂಬೆ, ಹೊಸನಗರದ ಕಡೆಯವರ ಮನೆಯಲ್ಲಿ ಮಳೆಗಾಲವಿಡೀ ಅದಕ್ಕಿಂತ ಮೇಲೇ ಇರುತ್ತದೆ. "ಅಟ್ಟದ ಮೇಲೆ ಹೊಗೆಗೆ ಇಡು, ಒಣಗಿರುತ್ತೆ" ಅಂತ ಅಜ್ಜಿ ಹೇಳುತ್ತಿದ್ದರು. ಬುಟ್ಟಿ, ಕಂಬಳಿಗೆ ಸರಿ, ಕಾಗದಕ್ಕೆ ಹೊಗೆ ಬೇಡವೇ ಬೇಡ, ಹಳದಿಯಾಗಿ ಪುಡಿಯಾಗುತ್ತದೆ. ಮಳೆ ಹೊಡೆಯುವ ಪಡುವಣ ಗೋಡೆಗೆ ತೂಗುಹಾಕಬೇಡಿ. ಒಳಗೋಡೆಗೆ ಹಾಕಿದರೂ ಕಟ್ಟಿನ ನಾಲ್ಕು ಮೂಲೆಯ ಹಿಂದೆ ಬಿರಡೆಯ ತುಂಡು ಅಂಟಿಸಿ, ಗಾಳಿ ಆಡಲಿ. ಹಳೆ ಪುಸ್ತಕದಲ್ಲಿ ಹರಿದಾಡುವ ಬೆಳ್ಳಿ ಬಣ್ಣದ ಹುಳಕ್ಕೆ ಅಂಟು ಅಂದರೆ ಪ್ರಾಣ, ಕಟ್ಟಿನ ಹಿಂಬದಿಯನ್ನು ಆಗಾಗ ನೋಡುತ್ತಿರಿ.

ನಾನು ಮಾಡುವುದು ಇಷ್ಟು. ಮೃಗಶಿರಾ ಮಳೆ ಹಿಡಿಯುವ ಮೊದಲು ಚಿತ್ರಗಳನ್ನು ಇಳಿಸಿ, ಮುಚ್ಚಳ ಬಿಗಿಯಾದ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಸಣ್ಣದೊಂದು ತೇವಮಾಪಕದ ಜೊತೆ ಮಲಗಿಸುತ್ತೇನೆ. ಹದಿನೈದು ದಿನಕ್ಕೊಮ್ಮೆ ತೆಗೆದು ಪೊಟ್ಟಣ ಬದಲಿಸುತ್ತೇನೆ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಚಿಕ್ಕಪ್ಪ ಬರುತ್ತಾರೆ. ನ್ಯಾಟ್ ಚಿತ್ರವನ್ನು ಮೊದಲು ಅವರ ಕೈಗೇ ಕೊಡುತ್ತೇನೆ, ಅವರೇ ಅದನ್ನು ಮೊಳೆಗೆ ಸಿಕ್ಕಿಸುತ್ತಾರೆ.