ಎಂಜಿನ್ ಒಳಗೆ ಕಟ್ಟಾಗಿ ಕೂತ ಬೋಲ್ಟ್

ಹಳೆ ಯೆಜ್ಡಿ ಬೈಕಿನ ಎಂಜಿನ್ ಕವರ್ ಬಿಚ್ಚುವಾಗ ಸ್ಪ್ಯಾನರ್ ಇದ್ದಕ್ಕಿದ್ದಂತೆ ಹಗುರಾದರೆ ಖುಷಿಪಡಬೇಡಿ. ಬೋಲ್ಟ್ ಸಡಿಲಾಗಿಲ್ಲ, ಕಟ್ಟಾಗಿದೆ. ತಲೆ ಕೈಗೆ ಬರುತ್ತದೆ, ಮಿಕ್ಕಿದ್ದು ಅಲ್ಯೂಮಿನಿಯಂ ಕೇಸಿಂಗ್ ಒಳಗೇ ಉಳಿಯುತ್ತದೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಂದ ಬಂದ ಗಾಡಿಗಳ ಬೋಲ್ಟ್‌ಗಳು ಅಷ್ಟೂ ವರ್ಷದ ಮಳೆ, ಬಿಸಿಲು, ನಡುಕ ಎಲ್ಲವನ್ನೂ ಕಂಡಿವೆ.

ಕೈಗೆ ಬಂದ ತುಂಡನ್ನು ಎಸೆಯುವ ಮುಂಚೆ ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ನೋಡಿ. ಒಂದು ಕಡೆ ನುಣ್ಣಗೆ, ಬಾಗಿದ ಗೆರೆಗಳು ಒಂದರ ಪಕ್ಕ ಒಂದು ಕಂಡರೆ, ಇನ್ನೊಂದು ಕಡೆ ಒರಟಾಗಿದ್ದರೆ, ಅದು ಇವತ್ತು ಮುರಿದದ್ದಲ್ಲ. ಬಿರುಕು ತಿಂಗಳುಗಟ್ಟಲೆ ನಿಧಾನಕ್ಕೆ ಬೆಳೆದಿದೆ. ಉಳಿದಿದ್ದ ಒರಟು ಭಾಗ ಮಾತ್ರ ಈಗ ಹೋಯಿತು. ಮುಖವೆಲ್ಲ ತಿರುಚಿದಂತೆ ಕಂಡರೆ ಮಾತ್ರ ನಿಮ್ಮ ಕೈಬಲದ ಕೆಲಸ.

ಬಿರುಕು ಬರುವುದು ಯಾಕೆ? ಬೋಲ್ಟ್ ನಿಜವಾಗಿ ಒಂದು ಸ್ಪ್ರಿಂಗ್. ಬಿಗಿ ಮಾಡಿದಾಗ ಅದು ಒಂದು ಕೂದಲೆಳೆಯ ದಪ್ಪದಷ್ಟು ಮಾತ್ರ ಹಿಗ್ಗಿ ಉದ್ದವಾಗುತ್ತದೆ, ಮತ್ತೆ ಕುಗ್ಗಲು ಹೋಗಿ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. 6 ಮಿ.ಮೀ. ಬೋಲ್ಟ್‌ಗೆ 10 ನ್ಯೂಟನ್-ಮೀಟರ್ ತಿರುಚು ಕೊಟ್ಟರೆ ಅದರೊಳಗಿನ ಎಳೆತ ಸುಮಾರು 800 ಕಿಲೋ! ಕಿರುಬೆರಳಿಗಿಂತ ಸಣ್ಣ ಸರಳಿಗೆ ಎರಡು ಎಮ್ಮೆ ಕಟ್ಟಿ ನೇತುಹಾಕಿದ ಹಾಗೆ. ಹಿಡಿತ ಗಟ್ಟಿಯಿದ್ದಷ್ಟು ದಿನ ಎಂಜಿನ್ ನಡುಕದ ಬಹುಪಾಲು ಕೇಸಿಂಗೇ ನುಂಗುತ್ತದೆ. ಸಡಿಲಾದರೆ ಪ್ರತಿ ಅಲುಗಾಟವೂ ಬೋಲ್ಟ್ ಮೇಲೆ. ಅದಕ್ಕೇ ಜಾಸ್ತಿ ಬಿಗಿದ ಬೋಲ್ಟ್‌ನಂತೆ ಸರಿಯಾಗಿ ಬಿಗಿಯದ ಬೋಲ್ಟ್ ಕೂಡ ಮುರಿಯುತ್ತದೆ.

ಒಳಗೆ ಉಳಿದ ತುಂಡು ಹೊರಬರದಿರಲು ಬೇರೆಯೇ ಕಾರಣ. ಉಕ್ಕು, ಅಲ್ಯೂಮಿನಿಯಂ, ನಡುವೆ ಮಳೆನೀರು: ಇಷ್ಟಿದ್ದರೆ ಒಂದು ಪುಟ್ಟ ಬ್ಯಾಟರಿ ತಯಾರು. ಸವೆಯುವುದು ಅಲ್ಯೂಮಿನಿಯಂ. ಸವೆದು ಆದ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಅದು ಥ್ರೆಡ್ ಸಂದಿಯಲ್ಲಿ ತುಂಬಿ ಬಿಗಿದುಕೊಳ್ಳುತ್ತದೆ.

ಇದಕ್ಕೆ ಶಾಖವೇ ಮದ್ದು. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕೇಸಿಂಗ್ 100 ಡಿಗ್ರಿ ಏರಿದರೆ 6 ಮಿ.ಮೀ. ತೂತು ಬೋಲ್ಟ್‌ಗಿಂತ ಒಂದು ಮಿಲಿಮೀಟರಿನ ಸಾವಿರದಲ್ಲಿ ಆರೇಳು ಪಾಲು ದೊಡ್ಡದಾಗುತ್ತದೆ. ಅಷ್ಟೇ. ಆದರೂ ಆ ಪುಡಿ ಬಿರುಕು ಬಿಡಲು, ಎಣ್ಣೆ ಒಳಗೆ ಇಳಿಯಲು ಅದು ನೆರವಾಗುತ್ತದೆ. ಬೆಂಕಿ ಹಚ್ಚುವ ಮುಂಚೆ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಿ.

ಅನೇಕರು ಸೀದಾ 'ಈಸಿ ಔಟ್' ಹುಡುಕುತ್ತಾರೆ, ಅಂದರೆ ಮುರಿದ ತುಂಡಿಗೆ ತೂತು ಕೊರೆದು ಅದರೊಳಗೆ ಹಾಕಿ ಎಡಕ್ಕೆ ತಿರುಗಿಸಿ ತೆಗೆಯುವ ಉಪಕರಣ. ನನಗೆ ಅದರ ಮೇಲೆ ನಂಬಿಕೆ ಕಡಿಮೆ. ತುಂಬ ಗಡಸು, ಹಾಗಾಗಿ ಪಟ್ಟನೆ ಒಡೆಯುತ್ತದೆ. ಒಡೆದ ತುಂಡಿಗೆ ಮಾಮೂಲಿ ಡ್ರಿಲ್ ಬಿಟ್ ಹತ್ತುವುದೂ ಇಲ್ಲ. ಡ್ರಿಲ್ ಮಾಡುವುದಾದರೂ ಸೆಂಟರ್ ಪಂಚ್ (ಚೂಪು ಮೊನೆಯ ಉಳಿ) ಹೊಡೆದ ಗುರುತು ನಟ್ಟನಡುವೆ ಇರಬೇಕು. ಸ್ವಲ್ಪ ಜಾರಿದರೂ ಬಿಟ್ ಮೆತ್ತಗಿರುವ ಅಲ್ಯೂಮಿನಿಯಂ ಕಡೆಗೇ ಓಡುತ್ತದೆ.

ಒಳ್ಳೆ ವೆಲ್ಡರ್ ಸಿಕ್ಕರೆ ಮುರಿದ ತುಂಡಿನ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡಿಸಿ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ. ಇನ್ನೂ ಚೆಂದದ ವಿಷಯವೆಂದರೆ, ಕೆಂಪಗೆ ಕಾದ ಬೋಲ್ಟ್ ಹಿಗ್ಗಲು ಹೋಗಿ, ಸುತ್ತ ಜಾಗವಿಲ್ಲದೆ ತನ್ನಲ್ಲೇ ಅದುಮಿಕೊಳ್ಳುತ್ತದೆ. ತಣ್ಣಗಾದಾಗ ಮೊದಲಿಗಿಂತ ಒಂದಿಷ್ಟು ತೆಳ್ಳಗೆ! ಆಮೇಲೆ ನಟ್‌ಗೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಆಡಿಸಿದರೆ ಸಾಮಾನ್ಯವಾಗಿ ಬರುತ್ತದೆ. ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಆಗಿ ಕೂರುವ ತಂತಿಯ ಸುರುಳಿ, ಹಾಕಿಸಬಹುದು.

ಹೊಸ ಬೋಲ್ಟ್ ತರುವಾಗ ಥ್ರೆಡ್ ನೋಡಿ. ಯೆಜ್ಡಿಯದು ಮೂಲತಃ ಚೆಕ್ ದೇಶದ ವಿನ್ಯಾಸ, ಮಿಲಿಮೀಟರ್ ಲೆಕ್ಕ. ಹಳೆ ಬುಲೆಟ್‌ನಲ್ಲಿ ಬ್ರಿಟಿಷ್ ಇಂಚಿನ ಥ್ರೆಡ್‌ಗಳಿವೆ. ಕಾಲಿಂಚಿನ ಬಿ.ಎಸ್.ಎಫ್. (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಥ್ರೆಡ್‌ಗೆ ಇಂಚಿಗೆ 26 ಸುತ್ತು, ಅಂದರೆ ಒಂದು ಸುತ್ತಿಗೆ 0.977 ಮಿ.ಮೀ. ಎಂ6, ಅಂದರೆ 6 ಮಿ.ಮೀ., ಬೋಲ್ಟ್‌ಗೆ 1 ಮಿ.ಮೀ. ಈ ಎಂ6 ಬೋಲ್ಟ್ ಆ ಕಾಲಿಂಚಿನ ತೂತಿಗೆ ಸುಲಭವಾಗಿ ಹೋಗಿ, ಸುಮ್ನೆ ಹಿಡಿದಂತೆ ನಟಿಸಿ, ಬಿಗಿಯುವಾಗ ಕಿತ್ತುಕೊಂಡು ಬರುತ್ತದೆ.

ಥ್ರೆಡ್‌ಗೆ ಗ್ರೀಸ್ ಹಚ್ಚಿದರೆ ಟಾರ್ಕ್ (ತಿರುಚು) ಸ್ವಲ್ಪ ಇಳಿಸಿ. ನೀವು ಹಾಕುವ ಬಲದ ಬಹುಪಾಲು ಉಜ್ಜಾಟಕ್ಕೇ ಹೋಗುತ್ತದೆ, ಸುಮಾರು ಹತ್ತನೇ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆಯುತ್ತದೆ. ಉಜ್ಜಾಟ ತಗ್ಗಿದರೆ ಅದೇ ಟಾರ್ಕ್‌ಗೆ ಎಳೆತ ಏರುತ್ತದೆ. ಇನ್ನು, ಹಳೆಯ ತುಂಡಿನಲ್ಲಿ ಆ ಬಾಗಿದ ಗೆರೆಗಳು ಕಂಡಿದ್ದರೆ ಪಕ್ಕದ ಬೋಲ್ಟ್‌ಗಳನ್ನೂ ಬದಲಿಸಿ. ಅದು ಬಿಟ್ಟ ಭಾರವನ್ನು ಅಷ್ಟು ದಿನ ಹೊತ್ತಿದ್ದು ಅವೇ ಅಲ್ವಾ?