ಓದುಗರ ಪ್ರಶ್ನೆ: ಭಾನುವಾರ ಸಂಜೆಯೇ ಶಾಲೆಯ ತಲೆಬಿಸಿ ಶುರುವಾಗುತ್ತದೆ, ಏನು ಮಾಡಲಿ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಯು.ಪಿ. (ಅಪ್ಪರ್ ಪ್ರೈಮರಿ) ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ಮಕ್ಕಳ ಜೊತೆ ಇರುವಷ್ಟು ಹೊತ್ತು ಏನೂ ತೊಂದರೆಯಿಲ್ಲ. ಮನೆಗೆ ಬಂದ ಮೇಲೆ ಶುರು. ಪೇಪರಿನ ಕಟ್ಟು, ಗ್ರೂಪಿಗೆ ಬೀಳುವ ಮೆಸೇಜು, ನಾಳೆಗೇ ಕೊಡಬೇಕಾದ ಯಾವುದೋ ಲೆಕ್ಕ. ಭಾನುವಾರ ಸಂಜೆ ಆಗುವಾಗ ಎದೆ ಭಾರ. ಯೋಗ ಮಾಡಿ ಎನ್ನುತ್ತಾರೆ. ಅದಕ್ಕೂ ಹೊತ್ತು ಬೇಕಲ್ಲ?

ಉತ್ತರ: ಯೋಗ ಬೇಡವೆಂದಲ್ಲ. ಆದರೆ ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ನಿಮ್ಮ ತಲೆಬಿಸಿ ಕ್ಲಾಸಿನಿಂದ ಬಂದದ್ದಲ್ಲ, ಮುಗಿಯದೆ ಚೀಲದಲ್ಲಿ ಮನೆಗೆ ಬಂದ ಕೆಲಸದಿಂದ ಬಂದದ್ದು. ಚೀಲ ಹಾಗೇ ಇಟ್ಟುಕೊಂಡು ಬೆಳಿಗ್ಗೆ ಅರ್ಧ ಗಂಟೆ ಪ್ರಾಣಾಯಾಮ ಸೇರಿಸಿದರೆ ಪಟ್ಟಿಗೆ ಇನ್ನೊಂದು ಕೆಲಸ ಸೇರಿತು, ಅಷ್ಟೆ. ಹಾಗಾಗಿ ಮೊದಲು ಚೀಲವನ್ನೇ ನೋಡೋಣ.

ಪೇಪರಿನಿಂದ ಶುರುಮಾಡಿ, ಭಾರವಾದದ್ದು ಅದೇ. 35 ಮಕ್ಕಳ ಕ್ಲಾಸು, 3 ವಿಷಯವೆಂದರೆ 105 ಪೇಪರು. ಒಂದಕ್ಕೆ 4 ನಿಮಿಷ ಹಿಡಿದರೂ 420 ನಿಮಿಷ, ಸರಿಯಾಗಿ 7 ಗಂಟೆ. ಓಣಂ ಪರೀಕ್ಷೆಯ ಕಟ್ಟನ್ನು ‘ರಜೆಯಲ್ಲಿ ನೋಡಿದರಾಯಿತು’ ಎಂದು ಮನೆಗೆ ತಂದವರ ರಜೆ ಹೇಗೆ ಹೋಗುತ್ತದೆಂದು ನಿಮಗೇ ಗೊತ್ತು. ಕಟ್ಟು ಬಿಚ್ಚುವುದು ಕೊನೆಯ ರಾತ್ರಿ, ಆದರೆ ಹತ್ತು ದಿನವೂ ಅದು ಕಪಾಟಿನ ಮೇಲಿಂದ ನೋಡುತ್ತಾ ಇರುತ್ತದೆ.

ಪರೀಕ್ಷೆ ನಡೆದ ದಿನವೇ ಶಾಲೆಯಲ್ಲಿ ಕುಳಿತು ಬರೇ 5 ಪೇಪರು ಪೆನ್ಸಿಲಿನಲ್ಲಿ ನೋಡಿ. ಯಾವ ಉತ್ತರಕ್ಕೆ ಎಷ್ಟು ಅಂಕ, ಅರ್ಧ ಉತ್ತರಕ್ಕೆ ಎಷ್ಟು ಎಂಬುದು ಅಲ್ಲಿಗೆ ಗಟ್ಟಿಯಾಗುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ಮಗುವಿನಿಂದ ಮಗುವಿಗೆ ಹೋಗಬೇಡಿ, ಪ್ರಶ್ನೆಯಿಂದ ಪ್ರಶ್ನೆಗೆ ಹೋಗಿ. 35 ಪೇಪರಿನ ಮೊದಲ ಪ್ರಶ್ನೆ ಮುಗಿಸಿ ಎರಡನೆಯದಕ್ಕೆ ಬನ್ನಿ. ಒಂದೇ ಉತ್ತರ ತಲೆಯಲ್ಲಿ ಇರುವುದರಿಂದ ಕೈ ಬೇಗ ಓಡುತ್ತದೆ, ಮೊದಲ ಪೇಪರಿಗೆ ಬಿಗಿ, ಕೊನೆಯದಕ್ಕೆ ಸಡಿಲ ಎಂಬ ತಾರತಮ್ಯವೂ ಕಡಿಮೆ. 50 ನಿಮಿಷ ನೋಡಿದರೆ 10 ನಿಮಿಷ ಎದ್ದು ತಿರುಗಾಡಿ. ರಾತ್ರಿ 9ರ ಮೇಲೆ ಅಂಕ ಕೂಡಿಸುವ ಕೆಲಸ ಬೇಡವೇ ಬೇಡ. ದಣಿದ ಕಣ್ಣು ಒಳಪುಟದ ಅಂಕ ಬಿಡುತ್ತದೆ, ಮರುದಿನ ಮಗು ಪೇಪರು ಹಿಡಿದು ಬಂದಾಗ ಅದೇ ಕೆಲಸ ಎರಡನೇ ಸಲ.

ನೋಟುಪುಸ್ತಕಕ್ಕೆ ಬೇರೆ ಉಪಾಯ. 35 ಪುಸ್ತಕವನ್ನು ಒಂದೇ ದಿನ ರಾಶಿ ಹಾಕಿಸಿಕೊಳ್ಳುವ ಬದಲು ರೋಲ್ ನಂಬರಿನಂತೆ ದಿನಕ್ಕೆ 7. ಐದು ದಿನದಲ್ಲಿ ಒಂದು ಸುತ್ತು. ತಪ್ಪನ್ನು ನೀವೇ ತಿದ್ದಿ ಬರೆಯಬೇಡಿ, ಆ ಸಾಲಿನ ಅಂಚಿನಲ್ಲಿ ಗುರುತು ಮಾತ್ರ ಹಾಕಿ: ಒತ್ತಕ್ಷರವಾದರೆ ‘ಒ’, ದೀರ್ಘವಾದರೆ ‘ದೀ’, ಮಹಾಪ್ರಾಣವಾದರೆ ‘ಮ’. ಮನೆಯಲ್ಲಿ ತುಳು ಮಾತಾಡುವ ಮಗು ‘ಧನ’ವನ್ನು ‘ದನ’ ಮಾಡಿದ್ದರೆ ಆ ಸಾಲಿನಲ್ಲಿ ತಾನೇ ಹುಡುಕಿ ಸರಿಮಾಡಲಿ. ನಿಮಗೆ ಸಮಯ ಉಳಿಯಿತು, ಮಗುವಿಗೆ ಕಲಿತದ್ದು ಉಳಿಯಿತು. ಗುರುತು ಮೂರು ನಾಲ್ಕಕ್ಕಿಂತ ಹೆಚ್ಚು ಮಾಡಿದರೆ ಮಕ್ಕಳಿಗೂ ಗೊಂದಲ, ನಿಮಗೂ ಮರೆತುಹೋಗುತ್ತದೆ.

ಈ ಗಡಿಯಲ್ಲಿ ಪಾಠ ಮಾಡುವವರಿಗೆ ಇನ್ನೊಂದು ಹೊರೆ ಇದೆ. ಉಡುಪಿಯ ಟೀಚರಿಗೆ ಅದು ಗೊತ್ತಿಲ್ಲ. ಸುತ್ತೋಲೆ, ತರಬೇತಿಯ ಟಿಪ್ಪಣಿ ಹೆಚ್ಚಿನವು ಮಲಯಾಳದಲ್ಲಿ. ಓದಲು ಬರುವವರಿಗೂ ಅದು ಎರಡನೇ ಭಾಷೆಯ ಓದು, ಹೊತ್ತು ಹೆಚ್ಚು ಬೇಕು. ಪ್ರತಿಯೊಬ್ಬರೂ ಪ್ರತಿ ಸುತ್ತೋಲೆಯನ್ನು ಒಬ್ಬೊಬ್ಬರೇ ಬಿಡಿಸಿ ಓದುವುದು ದಂಡ. ಹತ್ತಿರದ ನಾಲ್ಕೈದು ಶಾಲೆಯವರು ಸೇರಿ ವಾರಕ್ಕೊಬ್ಬರಂತೆ ಸರದಿ ಇಟ್ಟುಕೊಳ್ಳಿ. ಸರದಿಯವರು ಐದೇ ಸಾಲು ಬರೆಯಬೇಕು: ವಿಷಯ ಏನು, ಯಾವ ತರಗತಿಗೆ, ಕೊನೆಯ ದಿನ ಯಾವುದು, ‘ಸಂಪೂರ್ಣ’ ಎಂಬ ಶಾಲಾ ದಾಖಲೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಏರಿಸಬೇಕೋ ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಬೇಕೋ, ಸಹಿ ಯಾರದ್ದು. ಪೂರ್ತಿ ಅನುವಾದಕ್ಕೆ ಹೊರಟರೆ ಎರಡೇ ವಾರದಲ್ಲಿ ಸರದಿ ನಿಂತುಹೋಗುತ್ತದೆ. ಫೋನಿನ ಅನುವಾದ ಅಂದಾಜಿಗೆ ಸಾಕು, ಆದರೆ ತಾರೀಕು ಮತ್ತು ಕ್ರಿಯಾಪದವನ್ನು ಮೂಲದಲ್ಲೇ ನೋಡಿ. ‘ವೇಂಡ’ ಎಂದರೆ ಬೇಡ, ‘ಪಾಡಿಲ್ಲ’ ಎಂದರೆ ಕೂಡದು. ಇವೆರಡು ಅದಲುಬದಲಾದರೆ ಫಾರ್ಮು ವಾಪಸು ಬರುತ್ತದೆ.

ಜೂನಿನ ಆರನೇ ಕೆಲಸದ ದಿನದ ತಲೆಲೆಕ್ಕ ಇನ್ನೊಂದು ಬಗೆಯ ತಲೆಬಿಸಿ. ಮಕ್ಕಳು ಕಡಿಮೆಯಾದರೆ ತರಗತಿಯ ಒಂದು ಡಿವಿಷನ್ (ವಿಭಾಗ) ಹೋಗುತ್ತದೆ, ಹುದ್ದೆ ಅಲ್ಲಾಡುತ್ತದೆ. ಅದು ಉಸಿರಾಟದಿಂದ ಇಳಿಯುವ ಭಯವಲ್ಲ, ನಿಜವಾದ ಭಯ. ಮಕ್ಕಳನ್ನು ಶಾಲೆಗೆ ಸೇರಿಸಲು ಏಪ್ರಿಲ್, ಮೇಯಲ್ಲಿ ಮನೆಭೇಟಿಗೆ ನಾಲ್ಕು ದಿನ ಗೊತ್ತುಮಾಡಿ, ಆ ನಾಲ್ಕು ದಿನ ಪೂರ್ತಿ ತಿರುಗಿ, ಉಳಿದ ದಿನ ಆ ಲೆಕ್ಕ ಮುಟ್ಟಬೇಡಿ. ಆರನೇ ದಿನ ಕಳೆದ ಮೇಲೆ ಆ ಸಂಖ್ಯೆ ನಿಮ್ಮ ಕೈಯಲ್ಲಿಲ್ಲ.

ವಾಟ್ಸಾಪಿಗೆ ಬರೋಣ. ಕ್ಲಾಸಿನ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಮೆಸೇಜು ಹಾಕುವಂತೆ ಮಾಡಿಡಿ. ಪಿಟಿಎ ಸಭೆಯಲ್ಲೇ ಹೇಳಿಬಿಡಿ: ‘ಸಂಜೆ 7ರಿಂದ 7.30ರವರೆಗೆ ಉತ್ತರ ಕೊಡುತ್ತೇನೆ, ಮಗುವಿಗೆ ಹುಷಾರಿಲ್ಲದಂಥ ತುರ್ತಾದರೆ ಫೋನ್ ಮಾಡಿ.’ ಬಹಳ ಮಂದಿ ತಪ್ಪುವುದು ಇದಾದ ಮೇಲೆ. ರಾತ್ರಿ ಹತ್ತೂವರೆಗೆ ಯಾರೋ ಕೇಳಿದ ಸಣ್ಣ ಪ್ರಶ್ನೆಗೆ ‘ಪಾಪ’ ಎಂದು ಒಮ್ಮೆ ಉತ್ತರಿಸಿದರೆ ನಿಮ್ಮ ಸಮಯ ಹತ್ತೂವರೆ ಎಂದೇ ಊರಿಗೆ ಗೊತ್ತಾಗುತ್ತದೆ. ಹೆಡ್‌ಮಾಷ್ಟ್ರ ಗ್ರೂಪಿನಿಂದ ಹೊರಬರಲಾಗದು. ಸದ್ದು ನಿಲ್ಲಿಸಿ ದಿನಕ್ಕೆ ಮೂರು ಸಲ ನೋಡಿದರೆ ಸಾಕು.

ಇನ್ನು ದಿನವನ್ನು ಮುಚ್ಚುವ ಕ್ರಮ. 1927ರಲ್ಲಿ ಬ್ಲೂಮಾ ಜೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ ಪ್ರಕಟಿಸಿದ ಪ್ರಯೋಗಗಳಲ್ಲಿ, ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿದಿತ್ತು. ಅನ್ನಕ್ಕಿಟ್ಟಾಗ ‘ಆ ಲಿಸ್ಟು’ ನೆನಪಾಗುವುದು ಹಾಗೆಯೇ. ನಾಲ್ಕು ಗಂಟೆಯ ಬೆಲ್ಲಾದ ಮೇಲೆ, ಬಸ್ಸಿಗೆ ಓಡುವ ಮೊದಲು, 5 ನಿಮಿಷ ಕುಳಿತು ಮೂರು ಸಾಲು ಬರೆಯಿರಿ: ಏನು ಬಾಕಿ, ನಾಳೆ ಮೊದಲು ಕೈಹಾಕುವುದು ಯಾವುದು, ಯಾರನ್ನು ಕೇಳಬೇಕು. ‘ಸ್ಕಾಲರ್‌ಶಿಪ್ ಲಿಸ್ಟು’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ‘ಲಿಸ್ಟಿನಲ್ಲಿ 4 ಮಕ್ಕಳ ಬ್ಯಾಂಕ್ ನಂಬರು ಬಾಕಿ, ನಾಳೆ 9.45ಕ್ಕೆ ಅವರನ್ನು ಕರೆಯುವುದು’ ಎಂದು ಬರೆಯಿರಿ. ಇದನ್ನು ಬರೆದ ಪುಸ್ತಕ ಶಾಲೆಯ ಮೇಜಿನಲ್ಲೇ ಇರಲಿ.

ಗಂಟಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ಇದು. ಜುಲೈಯಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಬಡಿಯುವಾಗ ಅದರ ಮೇಲೆ ಕೂಗಿ ಪಾಠ ಮಾಡಿದರೆ ಸಂಜೆಗೆ ಸ್ವರವೂ ಹೋಗುತ್ತದೆ, ತಾಳ್ಮೆಯೂ ಹೋಗುತ್ತದೆ. ಜೋರು ಮಳೆಗೆಂದೇ ಬರವಣಿಗೆಯ ಕೆಲಸ, ಚಿತ್ರ, ಭೂಪಟ ತುಂಬುವುದು ಇಂಥ ನಾಲ್ಕು ಹಾಳೆ ತಯಾರಿಟ್ಟುಕೊಳ್ಳಿ. ಮಳೆ ಬಂತೆಂದರೆ ಅದನ್ನು ಕೊಡುವುದು. ಸ್ವರ ಕಟ್ಟಿದಾಗ ಪಿಸುಗುಟ್ಟುವುದೂ ಒಳ್ಳೆಯದಲ್ಲ, ಕಡಿಮೆ ಮಾತಾಡುವುದೇ ಮದ್ದು. ಪ್ರತಿ ಪಿರಿಯಡಿಗೆ ನಾಲ್ಕು ಗುಟುಕು ನೀರು ಬೇಕು. ಶೌಚಾಲಯದ ಅವಸ್ಥೆ ನೋಡಿ ನೀರೇ ಕುಡಿಯದ ಟೀಚರುಗಳು ಬಹಳ. ಅದರಿಂದ ತಲೆನೋವು, ಮೂತ್ರದ ಸೋಂಕು ಬರುತ್ತದೆ. ಆ ವಿಷಯವನ್ನು ಸ್ಟಾಫ್ ಮೀಟಿಂಗಿನಲ್ಲಿ ನಾಚದೆ ಎತ್ತಿ. ಸ್ವರ ಮೂರು ವಾರವಾದರೂ ಸರಿಯಾಗದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಉಸಿರಾಟ ಬೇಕೆನಿಸಿದರೆ ಇಷ್ಟು ಸಾಕು: 4 ಎಣಿಸುತ್ತಾ ಒಳಗೆ, 6 ಎಣಿಸುತ್ತಾ ಹೊರಗೆ, ಹತ್ತು ಸಲ. ಎರಡು ನಿಮಿಷವೂ ಬೇಡ. ರೇಗಿದ ಮೇಲೆ ಮಾಡುವುದಲ್ಲ, ಗಲಾಟೆಯ ಕ್ಲಾಸಿಗೆ ಹೋಗುವ ಮೊದಲು. ತಲೆ ತಿರುಗಿದರೆ ಎಳೆದು ಉಸಿರಾಡುತ್ತಿದ್ದೀರಿ ಎಂದರ್ಥ, ನಿಲ್ಲಿಸಿ. ಚಾ ಸಂಜೆ 4ರದ್ದೇ ಕೊನೆಯದಾಗಲಿ. ಕುಡಿದ ಕೆಫೀನಿನ ಅರ್ಧ ಐದಾರು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ.

ಇಷ್ಟೆಲ್ಲ ಮಾಡಿಯೂ ತಿಂಗಳುಗಟ್ಟಲೆ ದಣಿವು ಇಳಿಯದೆ, ಮಕ್ಕಳ ಮುಖ ಕಂಡರೂ ಬೇಸರ, ಎಷ್ಟು ಮಾಡಿದರೂ ಏನೂ ಆಗಲಿಲ್ಲ ಎಂಬ ಭಾವ ಮೂರೂ ಸೇರಿದರೆ ಅದು ಬರೇ ತಲೆಬಿಸಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸದಿಂದ ಬರುವ ಬರ್ನ್‌ಔಟ್ ಎಂದು ಗುರುತಿಸಿದ್ದು ಈ ಮೂರನ್ನೇ. ಅದನ್ನು ರೋಗವೆಂದು ಪಟ್ಟಿ ಮಾಡಿಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನವೆಂದಿದೆ. ಹಾಗಾಗಿ ಮೊದಲು ಚಾರ್ಜು ಇಳಿಸಿ. ಮಧ್ಯಾಹ್ನದೂಟ, ಸ್ಕಾಲರ್‌ಶಿಪ್, ಕಲೋತ್ಸವ ಮೂರೂ ನಿಮ್ಮ ತಲೆಯ ಮೇಲಿದ್ದರೆ ಹೆಡ್‌ಮಾಷ್ಟ್ರಲ್ಲಿ ‘ಆಗುವುದಿಲ್ಲ’ ಎನ್ನುವ ಬದಲು ಯಾವುದಕ್ಕೆ ವಾರಕ್ಕೆ ಎಷ್ಟು ಗಂಟೆ ಎಂದು ಬರೆದುಕೊಂಡು ಹೋಗಿ, ‘ಇದರಲ್ಲಿ ಯಾವುದನ್ನು ಬೇರೆಯವರಿಗೆ ಕೊಡೋಣ ಸರ್?’ ಎಂದು ಕೇಳಿ. ಎರಡು ವಾರ ಎಡೆಬಿಡದೆ ಮನಸ್ಸು ಕುಗ್ಗಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ ಡಾಕ್ಟರನ್ನು ಕಾಣಿ. ಸಾಯುವ ಯೋಚನೆ ಬಂದರೆ ಆ ಎರಡು ವಾರವನ್ನೂ ಕಾಯಬೇಡಿ. ಸಹಾಯವಾಣಿಗೆ ಫೋನ್ ಮಾಡಿ: ಟೆಲಿ ಮಾನಸ್ 14416, ಕೇರಳದ ದಿಶಾ 1056, ಎರಡೂ ಹಗಲು ರಾತ್ರಿ ಸಿಗುತ್ತವೆ. ಟೆಲಿ ಮಾನಸ್‌ನ ಭಾಷೆಗಳಲ್ಲಿ ಕನ್ನಡವೂ ಇದೆ.

ಕೊನೆಗೆ ನಿಮ್ಮ ಭಾನುವಾರ. ಸೋಮವಾರದ ಪಾಠದ ತಯಾರಿಯನ್ನು ಶುಕ್ರವಾರ ಮಧ್ಯಾಹ್ನದ ಬಿಡುವಿನ ಪಿರಿಯಡಿಗೆ ತನ್ನಿ, 30 ನಿಮಿಷ ಸಾಕು. ಸೋಮವಾರದ ಮೊದಲ ಪಿರಿಯಡು ಹೊಸ ಪಾಠವಾಗದಿರಲಿ, ಹಿಂದಿನದರ ಪ್ರಶ್ನೋತ್ತರವಿರಲಿ. ಶುಕ್ರವಾರ ಬಸ್ಸು ಹತ್ತುವಾಗ ಚೀಲದಲ್ಲಿ ಬುತ್ತಿಪಾತ್ರೆ ಮತ್ತು ಕೊಡೆ ಮಾತ್ರ ಇರುವಂತೆ ಎರಡು ವಾರ ಮಾಡಿ ನೋಡಿ.