ಆಲ್ಟ್-ರೀಗಲ್ ಅಂದರೆ ಏನು?

ಪಾತ್ ಆಫ್ ಎಕ್ಸೈಲ್ ಅನ್ನೋ ಕಂಪ್ಯೂಟರ್ ಆಟ ಆಡುವವರ ಜೊತೆ ಸ್ವಲ್ಪ ಹೊತ್ತು ಕೂತರೆ ಸಾಕು, ‘ಸುಮ್ನೆ ಆಲ್ಟ್-ರೀಗಲ್ ಮಾಡು’ ಅನ್ನೋ ಮಾತು ಕಿವಿಗೆ ಬೀಳುತ್ತದೆ. ಹೊಸಬರಿಗೆ ಇದು ಯಾವುದೋ ಆಯುಧದ ಹೆಸರಿನ ಹಾಗೆ ಕೇಳಿಸಬಹುದು. ಆದರೆ ಇದು ವಸ್ತು ತಯಾರಿಸುವ ಒಂದು ವಿಧಾನದ ಹೆಸರು. ಇಲ್ಲಿ ಆಲ್ಟ್ ಅಂದರೆ ಕೀಬೋರ್ಡಿನ ಕೀ ಅಲ್ಲ, ಆರ್ಬ್ ಆಫ್ ಆಲ್ಟರೇಶನ್. ಆರ್ಬ್ ಅಂದರೆ ವಸ್ತುಗಳ ಗುಣ ಬದಲಿಸಲು ಬಳಸುವ ಆಟದೊಳಗಿನ ಗೋಲಿ. ರೀಗಲ್ ಅಂದರೆ ರೀಗಲ್ ಆರ್ಬ್. ಅಗ್ಗದ ಆಲ್ಟ್‌ಗಳನ್ನು ಎಷ್ಟು ಸಲ ಬೇಕೋ ಅಷ್ಟು ಸಲ ಹಾಕಿ ನಮಗೆ ಬೇಕಾದ ಗುಣ ಬರಿಸಿಕೊಳ್ಳುವುದು, ಆಮೇಲೆ ಒಂದೇ ಒಂದು ರೀಗಲ್ ಹಾಕಿ ವಸ್ತುವನ್ನು ಮೇಲಿನ ದರ್ಜೆಗೆ ಏರಿಸುವುದು. ಅರ್ಥ ಇಷ್ಟೇ.

ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಇಷ್ಟು ಬೆಲೆ ಅಂತ ತಿಳಿಯಬೇಕಾದರೆ ಈ ಆಟದ ಹಣದ ಲೆಕ್ಕ ಗೊತ್ತಿರಬೇಕು. ನ್ಯೂಜಿಲೆಂಡಿನ ಗ್ರೈಂಡಿಂಗ್ ಗಿಯರ್ ಗೇಮ್ಸ್ 2013ರಲ್ಲಿ ಈ ಆಟ ಬಿಡುಗಡೆ ಮಾಡಿದಾಗ ಅದರಲ್ಲಿ ಚಿನ್ನದ ನಾಣ್ಯವೇ ಇರಲಿಲ್ಲ. ಆರ್ಬ್‌ಗಳೇ ದುಡ್ಡು. 2024ರಲ್ಲಿ ಚಿನ್ನ ಬಂದರೂ ಆಟಗಾರರು ತಮ್ಮ ನಡುವೆ ಕೊಟ್ಟು ತಗೊಳ್ಳುವುದು ಆರ್ಬ್‌ಗಳನ್ನೇ. ಅದೇ ಆರ್ಬ್ ಬೂಟಿನ ಮೇಲೋ ಕತ್ತಿಯ ಮೇಲೋ ಒತ್ತಿದರೆ ಅದರ ಗುಣ ಬದಲಾಗುತ್ತದೆ. ಹಾಗಾಗಿ ಪ್ರತಿ ಕ್ಲಿಕ್ಕೂ ಖರ್ಚೇ. ಒಳ್ಳೆಯ ಬೂಟು ಕೊಳ್ಳಬಹುದಾಗಿದ್ದ ದುಡ್ಡನ್ನೇ ನಾವು ಬೂಟು ಮಾಡಲು ಸುರಿಯುತ್ತಿರುತ್ತೇವೆ.

ವಸ್ತುಗಳ ದರ್ಜೆ ಬಣ್ಣದಿಂದ ಗೊತ್ತಾಗುತ್ತದೆ. ಬಿಳಿ ಅಂದರೆ ಸಾದಾ. ವಸ್ತುವಿನ ಗುಣಗಳಲ್ಲಿ ಪ್ರಿಫಿಕ್ಸ್, ಸಫಿಕ್ಸ್ ಅಂತ ಎರಡು ಬಗೆ, ಒಂದೊಂದಕ್ಕೂ ಬೇರೆ ಬೇರೆ ಜಾಗ. ನೀಲಿ ಅಂದರೆ ಮ್ಯಾಜಿಕ್: ಒಂದು ಪ್ರಿಫಿಕ್ಸ್, ಒಂದು ಸಫಿಕ್ಸ್, ಒಟ್ಟು ಎರಡು ಗುಣದವರೆಗೆ. ಹಳದಿ ಅಂದರೆ ರೇರ್: ಮೂರು ಪ್ರಿಫಿಕ್ಸ್, ಮೂರು ಸಫಿಕ್ಸ್, ಒಟ್ಟು ಆರು. ನಾನು ಆಡಲು ಶುರು ಮಾಡಿದ ದಿನಗಳಲ್ಲಿ ನೇರವಾಗಿ ಹಳದಿ ಬೂಟಿನ ಮೇಲೆ ಕೇಯಾಸ್ ಆರ್ಬ್ ಹಾಕುತ್ತಿದ್ದೆ. ಒಂದು ಸಲ ವೇಗ ಬರುತ್ತಿತ್ತು, ಉಳಿದದ್ದೆಲ್ಲ ಕಸ. ಮತ್ತೆ ಒತ್ತಿದರೆ ಬಂದಿದ್ದ ವೇಗವೂ ಹೋಯಿತು. ಕೇಯಾಸ್ ಇರುವ ಗುಣಗಳನ್ನೆಲ್ಲ ಒಟ್ಟಿಗೆ ಅಳಿಸಿ ಹೊಸದಾಗಿ ಬರೆಯುತ್ತದೆ, ಒಳ್ಳೆಯದನ್ನು ಉಳಿಸಿಕೊಡುವುದಿಲ್ಲ. ಕೈಯಲ್ಲಿದ್ದ ಕೇಯಾಸ್ ಎಲ್ಲ ಹಾಗೇ ಕರಗಿತು. ತುಂಬಾ ಬೇಜಾರಾಗಿತ್ತು.

ಈಗ ಅದೇ ಬೂಟನ್ನು ಆಲ್ಟ್-ರೀಗಲ್ ದಾರಿಯಲ್ಲಿ ಮಾಡೋಣ.

ಮೊದಲ ಕೆಲಸ ಐಟಂ ಲೆವೆಲ್, ಅಂದರೆ ವಸ್ತುವಿಗೆ ಎಷ್ಟು ಒಳ್ಳೆಯ ಗುಣ ಬರಬಹುದು ಅಂತ ಹೇಳುವ ಸಂಖ್ಯೆ, ನೋಡುವುದು. ಬೂಟಿನ ಮೇಲೆ ಮೌಸ್ ಇಟ್ಟು, ಈ ಸಲ ನಿಜವಾಗಿಯೂ ಕೀಬೋರ್ಡಿನ ಆಲ್ಟ್ ಕೀ ಒತ್ತಿದರೆ ಕಾಣಿಸುತ್ತದೆ. 30% ನಡಿಗೆಯ ವೇಗ ಬರಬೇಕಾದರೆ ಐಟಂ ಲೆವೆಲ್ ಕನಿಷ್ಠ 55 ಇರಬೇಕು. 35% ಬೇಕೆಂದರೆ 86. ಲೆವೆಲ್ 40ರ ಬೂಟಿನ ಮೇಲೆ ಸಾವಿರ ಆಲ್ಟ್ ಹಾಕಿದರೂ 25% ದಾಟುವುದಿಲ್ಲ. ಹಾಗೆಯೇ 30% ಸಾಕು ಅನ್ನುವವರು 86ರ ಬೂಟಿಗೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ. ಬೆಂಕಿ ತಡೆಯ ಅತ್ಯುತ್ತಮ ದರ್ಜೆ, ಅಂದರೆ 46–48%, ಕೂಡ ಬೇಕೆಂದರೆ 84 ಹುಡುಕಿ.

ಬಿಳಿ ಬೂಟಿಗೆ ಒಂದು ಟ್ರಾನ್ಸ್‌ಮ್ಯೂಟೇಶನ್ ಆರ್ಬ್ ಹಾಕಿದರೆ ನೀಲಿ ಆಗುತ್ತದೆ. ಆಮೇಲೆ ಆಲ್ಟ್, ಅದು ನೀಲಿ ವಸ್ತುವಿನ ಗುಣಗಳನ್ನು ಅಳಿಸಿ ಹೊಸದಾಗಿ ಬರೆಯುತ್ತದೆ. ಶಿಫ್ಟ್ ಹಿಡಿದುಕೊಂಡರೆ ಪ್ರತಿ ಸಲ ಆರ್ಬ್ ಎತ್ತಿಕೊಳ್ಳುವ ಅಗತ್ಯವಿಲ್ಲ, ಕ್ಲಿಕ್ ಮಾಡುತ್ತಾ ಹೋಗಬಹುದು. ಇಲ್ಲೇ ದೊಡ್ಡ ಅಪಾಯ. ಕೈ ಓಡಿದಷ್ಟು ಬೇಗ ಕಣ್ಣು ಓಡುವುದಿಲ್ಲ, ಬಂದ ಗುಣದ ಮೇಲೇ ಮತ್ತೊಂದು ಕ್ಲಿಕ್ ಬಿದ್ದುಹೋಗುತ್ತದೆ. ಬೂಟನ್ನು ಸ್ಟ್ಯಾಶ್‌ನಲ್ಲೇ (ವಸ್ತು ಕೂಡಿಡುವ ಪೆಟ್ಟಿಗೆ) ಇಟ್ಟು, ಹುಡುಕುವ ಪೆಟ್ಟಿಗೆಯಲ್ಲಿ ‘ಚೀಟಾ’ ಅನ್ನೋ ಇಂಗ್ಲಿಷ್ ಪದ ಟೈಪ್ ಮಾಡಿ. 30% ವೇಗದ ಗುಣದ ಹೆಸರೇ ಅದು. ಬಂದ ತಕ್ಷಣ ಬೂಟಿನ ಸುತ್ತ ಚೌಕಟ್ಟು ಹೊಳೆಯುತ್ತದೆ, ಕೈ ನಿಲ್ಲುತ್ತದೆ.

ಆಲ್ಟ್ ಹಾಕಿದಾಗ ಕೆಲವು ಸಲ ಎರಡು ಗುಣ ಬರುತ್ತವೆ, ಕೆಲವು ಸಲ ಒಂದೇ. ಒಂದೇ ಬಂದಾಗ ಖಾಲಿ ಜಾಗ ತುಂಬಲು ಆಗ್ಮೆಂಟೇಶನ್ ಆರ್ಬ್ ಇದೆ. ಯಾವಾಗ ಹಾಕಬೇಕು ಅನ್ನುವುದರಲ್ಲೇ ಉಳಿತಾಯ ಇರೋದು. ನಡಿಗೆಯ ವೇಗ ಒಂದು ಪ್ರಿಫಿಕ್ಸ್. ಬೂಟಿಗೆ ಬರೀ ಸಫಿಕ್ಸ್ ಬಂದಿದ್ದರೆ ಪ್ರಿಫಿಕ್ಸ್ ಜಾಗ ಖಾಲಿ ಇದೆ, ಆಗ್ಮೆಂಟ್ ಹಾಕಿದರೆ ವೇಗ ಬರುವ ಅವಕಾಶ ಉಂಟು. ಬೇಡದ ಪ್ರಿಫಿಕ್ಸ್ ಒಂದೇ ಬಂದಿದ್ದರೆ ಆಗ್ಮೆಂಟ್ ಹಾಕುವುದು ಪೂರ್ತಿ ದಂಡ, ಯಾಕೆಂದರೆ ಜಾಗ ಆಗಲೇ ತುಂಬಿದೆ. ಮತ್ತೆ ಆಲ್ಟ್ ಹಾಕಿ. ವೇಗ ಒಂದೇ ಬಂದಿದ್ದರೆ ಧೈರ್ಯವಾಗಿ ಆಗ್ಮೆಂಟ್ ಹಾಕಿ, ವೇಗ ಎಲ್ಲೂ ಹೋಗುವುದಿಲ್ಲ.

ಈಗ ಕೈಯಲ್ಲಿ ವೇಗವೂ ಚಳಿ ತಡೆಯೂ ಇರುವ ನೀಲಿ ಬೂಟು ಇದೆ ಅಂದುಕೊಳ್ಳಿ. ರೀಗಲ್ ಹಾಕಿದರೆ ಎರಡೂ ಉಳಿದು, ಮೂರನೆಯದೊಂದು ಸೇರಿ ಹಳದಿ ಆಗುತ್ತದೆ. ಆ ಮೂರನೆಯದು ನಮ್ಮ ಕೈಯಲ್ಲಿಲ್ಲ, ಅದೃಷ್ಟ. ಆದರೂ ಇನ್ನೂ ಮೂರು ಜಾಗ ಖಾಲಿ ಇವೆ. ಕ್ರಾಫ್ಟಿಂಗ್ ಬೆಂಚಿಗೆ (ಆರಿಸಿದ ಗುಣ ಸೇರಿಸುವ ಆಟದೊಳಗಿನ ಕೆಲಸದ ಮೇಜು) ಹೋಗಿ ನಿಗದಿತ ಬೆಲೆ ಕೊಟ್ಟು ಜೀವಶಕ್ತಿ, ಅಂದರೆ ಲೈಫ್, ಸೇರಿಸಬಹುದು. ಅಲ್ಲಿ ಅದೃಷ್ಟದ ಆಟವೇ ಇಲ್ಲ, ಕೇಳಿದ ಗುಣವೇ ಸಿಗುತ್ತದೆ, ಸಂಖ್ಯೆ ಮಾತ್ರ ಸ್ವಲ್ಪ ಆಚೀಚೆ. ಆದ್ದರಿಂದ ಬೆಂಚಿನಲ್ಲಿ ಸುಲಭವಾಗಿ ಸಿಗುವ ಗುಣಕ್ಕಾಗಿ ಆಲ್ಟ್ ಸುರಿಯಬೇಡಿ.

ಮೂರನೆಯ ಗುಣ ಕೆಲಸಕ್ಕೆ ಬಾರದ್ದು ಬಂದರೆ? ಸ್ಕೌರಿಂಗ್ ಆರ್ಬ್ ಹಾಕಿ ಬಿಳಿ ಮಾಡಿ ಮೊದಲಿಂದ ಶುರು ಮಾಡಬಹುದು. ನಾನು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ವೇಗ, ಒಂದು ತಡೆ, ಬೆಂಚಿನ ಲೈಫ್, ಇಷ್ಟಿದ್ದರೆ ಆ ಬೂಟು ಎಷ್ಟೋ ದಿನ ಬಾಳುತ್ತದೆ. ಎಕ್ಸಾಲ್ಟೆಡ್ ಆರ್ಬ್ ಹಾಕಿ ಇನ್ನೊಂದು ಗುಣಕ್ಕೆ ಆಸೆಪಡುವ ಮೊದಲು, ಅದೇ ದುಡ್ಡಿಗೆ ಮಾರುಕಟ್ಟೆಯಲ್ಲಿ ಎಂಥ ಬೂಟು ಸಿಗುತ್ತದೆ ಅಂತ ಒಮ್ಮೆ ನೋಡಿ. ಎಷ್ಟೋ ಸಲ ಮಾಡುವುದಕ್ಕಿಂತ ಕೊಳ್ಳುವುದೇ ಅಗ್ಗ.

ಎಲ್ಲಕ್ಕೂ ಇದೇ ದಾರಿ ಅಂತಲೂ ಇಲ್ಲ. ಒಂದು ಗುಣ ಖಾತ್ರಿ ಬೇಕು, ಉಳಿದದ್ದು ಏನು ಬಂದರೂ ಪರವಾಗಿಲ್ಲ ಅನ್ನುವಾಗ ಎಸೆನ್ಸ್ ಅನ್ನೋ ಇನ್ನೊಂದು ಬಗೆಯ ವಸ್ತು ಬಳಸುವುದು ವಾಸಿ. ಅದು ಒಂದೇ ಏಟಿಗೆ ಆ ಗುಣವನ್ನು ಕೊಟ್ಟು ವಸ್ತುವನ್ನು ಹಳದಿ ಮಾಡುತ್ತದೆ. ಸಾಹಸದ ವೇಳೆ ಕುಡಿಯುವ ಫ್ಲಾಸ್ಕ್‌ಗಳು ನೀಲಿ ದಾಟಿ ಏರುವುದೇ ಇಲ್ಲ, ಹಾಗಾಗಿ ಅಲ್ಲಿ ರೀಗಲ್‌ಗೆ ಕೆಲಸವಿಲ್ಲ. ಆಲ್ಟ್, ಆಗ್ಮೆಂಟ್ ಇಷ್ಟೇ ಸಾಕು. ಈ ವಿಧಾನ ಕಲಿಯಲು ಫ್ಲಾಸ್ಕಿಗಿಂತ ಒಳ್ಳೆಯ ಜಾಗ ಇಲ್ಲ ಅನ್ನೋದು ನನ್ನ ಅನುಭವ.

2024ರ ಡಿಸೆಂಬರ್‌ನಲ್ಲಿ ಅರ್ಲಿ ಆಕ್ಸೆಸ್‌ಗೆ, ಅಂದರೆ ಪೂರ್ತಿ ಮುಗಿಯುವ ಮೊದಲೇ ಆಡಲು, ಬಂದ ಎರಡನೇ ಆಟ ಪಾತ್ ಆಫ್ ಎಕ್ಸೈಲ್ 2ರಲ್ಲಿ ಆಲ್ಟರೇಶನ್ ಆರ್ಬನ್ನೇ ತೆಗೆದುಬಿಟ್ಟರು, ಸ್ಕೌರಿಂಗ್ ಕೂಡ ಇಡಲಿಲ್ಲ. ಅಲ್ಲಿ ಕೇಯಾಸ್ ಆರ್ಬ್ ಎಲ್ಲ ಅಳಿಸದೆ ಒಂದು ಗುಣ ತೆಗೆದು ಇನ್ನೊಂದು ಹಾಕುತ್ತದೆ. ಹಾಗಾಗಿ ಯಾರಾದರೂ ಆಲ್ಟ್-ರೀಗಲ್ ಅಂದರೆ ಅವರು ಮೊದಲನೇ ಆಟದ ಮಾತಾಡುತ್ತಿದ್ದಾರೆ ಅಂತಲೇ ತಿಳಿಯಿರಿ.